ತೋಳಿನ ಮೇಲೆ ಮೂರು ಸಾಲು

"ಎದ್ದೇಳೇ ರೇಡಿಯೋ, ನಿನ್ನ ಸರದಿ!"

ಹಿಂದಿನ ಬೆಂಚಿನಿಂದ ಲಂಬು ಸ್ಕೇಲಿನಲ್ಲಿ ಚುಚ್ಚಿದ. ರೇಡಿಯೋ ಎದ್ದು ನಿಂತಳು. ಬಾಯಿ ಮಾತ್ರ ತೆರೆಯಲಿಲ್ಲ.

ಐದನೇ ಕ್ಲಾಸಿನವರೆಲ್ಲಾ ಅಂದು 'ನನ್ನ ಬಗ್ಗೆ ಮೂರು ಸಂಗತಿ' ಹೇಳಬೇಕಿತ್ತು. ಒಬ್ಬಳು ತನ್ನ ಕಾಲಿಗೆ ಆರು ಬೆರಳಿದೆ ಎಂದು ಶೂ ಬಿಚ್ಚಿಯೇ ತೋರಿಸಿದ್ದಳು. ಇನ್ನೊಬ್ಬಳು ತನ್ನ ಅಮ್ಮ ಬ್ಯಾಂಕ್ ಮ್ಯಾನೇಜರ್ ಎಂದು ಕತ್ತು ಕೊಂಕಿಸಿ ಕೂತಿದ್ದಳು. ಲಂಬು ತನ್ನ ಅಪೆಂಡಿಕ್ಸ್ ಆಪರೇಷನ್ನಿನ ಕತೆಯನ್ನು ಎಷ್ಟು ಎಳೆದನೆಂದರೆ, ಮಿಸ್ ಎರಡು ಸಲ ವಾಚು ನೋಡಿಕೊಂಡಿದ್ದರು.

ಬೇರೆ ದಿನವಾಗಿದ್ದರೆ ರೇಡಿಯೋ ಮೂರಲ್ಲ, ಮೂವತ್ತು ಸಂಗತಿ ಹೇಳುತ್ತಿದ್ದಳು. ಬೆಳಗಿನ ಅಸೆಂಬ್ಲಿಯಲ್ಲಿ ನ್ಯೂಸ್ ಓದುವವಳು ಅವಳೇ. ಮೈಕ್ ಕೆಟ್ಟ ದಿನವೂ ಅವಳ ದನಿ ಗೇಟಿನಾಚೆಗೆ ಕೇಳುತ್ತಿತ್ತು. ಆ ಹೆಸರು ಬಿದ್ದದ್ದೇ ಹಾಗೆ.

ಆದರೆ ನಾಲ್ಕು ದಿನದ ಹಿಂದೆ ಅವಳ ಹಲ್ಲಿಗೆ ಕ್ಲಿಪ್ ಹಾಕಿದ್ದರು. ಮೇಲೊಂದು ತಂತಿ, ಕೆಳಗೊಂದು ತಂತಿ, ಒಂದೊಂದು ಹಲ್ಲಿಗೂ ಒಂದೊಂದು ಪುಟ್ಟ ಲೋಹದ ಚೌಕ. ಹಲ್ಲಿನ ಕಾಲೇಜಿನಲ್ಲಿ ಇನ್ನೂ ಕಲಿಯುತ್ತಿದ್ದ ಡಾಕ್ಟರಕ್ಕ ಹಾಕಿದ್ದು. ಸುತ್ತ ಆರು ಜನ ಇಣುಕಿ ನೋಡಿ ನೋಟ್ಸ್ ಬರೆದುಕೊಂಡಿದ್ದರು.

"ನನ್ನ ಬಾಯಿ ಅಷ್ಟು ಜನ ಓದೋ ಪಾಠ ಅಂತ ಗೊತ್ತೇ ಇರಲಿಲ್ಲ" ಎಂದು ರೇಡಿಯೋ ಅಮ್ಮನಿಗೆ ಹೇಳಿದ್ದಳು. ಹೇಳುವಾಗ ಎಂಜಲು ಹಾರಿ ಅಮ್ಮನ ಕನ್ನಡಕದ ಮೇಲೆ ಬಿದ್ದಿತ್ತು.

ತೊಂದರೆ ಅದೇ. ಕ್ಲಿಪ್ ಬಂದ ಮೇಲೆ 'ಸ' ಅಂದರೆ ಸೀಟಿ, 'ಪ' ಅಂದರೆ ತುಂತುರು. ಮೊದಲ ದಿನವೇ ಲಂಬು, "ಏನೇ, ಬಾಯಿಗೆ ಗ್ರಿಲ್ ಹಾಕ್ಸಿದ್ದೀಯ? ಒಳಗೆ ಕಳ್ಳರು ನುಗ್ತಾರಾ?" ಎಂದಿದ್ದ. ಇಡೀ ಕ್ಲಾಸು ನಕ್ಕಿತ್ತು. ನಿಜ ಹೇಳಬೇಕೆಂದರೆ ರೇಡಿಯೋಗೂ ನಗು ಬಂದಿತ್ತು. ಆದರೆ ನಗಲು ಬಾಯಿ ತೆರೆಯಬೇಕಲ್ಲ! ಅಂದಿನಿಂದ ರೇಡಿಯೋ ಆಫ್. ಅಸೆಂಬ್ಲಿಯಲ್ಲೂ ಗಂಟಲು ನೋವೆಂದು ಸನ್ನೆ ಮಾಡಿ ತಪ್ಪಿಸಿಕೊಂಡಿದ್ದಳು.

ಈಗ ಅವಳು ಮಾತಾಡದೆ ಯೂನಿಫಾರ್ಮಿನ ತೋಳು ಮೇಲಕ್ಕೆ ಸರಿಸಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಕಪ್ಪು ಇಂಕಿನಲ್ಲಿ ಮೂರು ಸಾಲು.

"ಟ್ಯಾಟೂ!" ಎಂದು ಯಾರೋ ಕಿರುಚಿದರು. ಅರ್ಧ ಕ್ಲಾಸು ಬೆಂಚು ಹತ್ತಿತು.

ಮಿಸ್ ಬಗ್ಗಿ ಗಟ್ಟಿಯಾಗಿ ಓದಿದರು. "ನನಗೆ ಮಾತಾಡೋದು ಇಷ್ಟ ಇಲ್ಲ. ನನಗೆ ಯಾವ ಭಯವೂ ಇಲ್ಲ. ನಮ್ಮಮ್ಮ ದೊಡ್ಡಾಸ್ಪತ್ರೆಯಲ್ಲಿ ಆಫೀಸರ್."

ಮೊದಲನೆಯದನ್ನು ಬಾಯಿ ಮುಚ್ಚಿಕೊಂಡಿರಬಹುದೆಂದು ಬರೆದಿದ್ದಳು. ಎರಡನೆಯದನ್ನು ಬರೆಯುವಾಗ ಯಾರಾದರೂ ಬಂದರೇ ಎಂದು ಎರಡು ಸಲ ಬಾಗಿಲ ಕಡೆ ನೋಡಿದ್ದಳು. ಮೂರನೆಯದು ಮಾತ್ರ ಹೇಗೆ ಬಂತೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. 'ದೊಡ್ಡಾಸ್ಪತ್ರೆಯಲ್ಲಿ' ಎನ್ನುವ ತನಕ ನಿಜವೇ. ಆಮೇಲೆ ಪೆನ್ನು ತಾನಾಗಿ ಓಡಿಬಿಟ್ಟಿತ್ತು.

"ಮಾತು ಇಷ್ಟ ಇಲ್ವಾ? ಮೊದಲೇ ಹೇಳಬಾರದಾ ಮರಿ!" ಮಿಸ್ ಪೆಚ್ಚಾದರು. "ಸುಮ್ಮನೆ ಇಷ್ಟು ದಿನ ನಿನ್ನ ಕೈಲಿ ನ್ಯೂಸ್ ಓದಿಸಿದೆ. ಸೋಮವಾರದಿಂದ ಇವನು ಓದಲಿ" ಎಂದು ಲಂಬು ಕಡೆ ಬೆರಳು ತೋರಿಸಿದರು.

ರೇಡಿಯೋ 'ಬೇಡ ಮಿಸ್' ಎನ್ನಲು ಹೊರಟಳು. 'ಮಿಸ್' ಎನ್ನುವಲ್ಲಿ ಸೀಟಿ ಕಾದು ಕೂತಿತ್ತು. ಬಾಯಿ ಮುಚ್ಚಿ ಕುಳಿತಳು.

ಸಂಜೆ ಬಚ್ಚಲಲ್ಲಿ ಅವಳು ತೋಳಿಗೆ ಮೊದಲು ಸೋಪು ಹಚ್ಚಿದಳು. ಆಮೇಲೆ ಪಾತ್ರೆ ಉಜ್ಜುವ ಪುಡಿ. ಆಮೇಲೆ ಟೂತ್‌ಪೇಸ್ಟ್. ಆಮೇಲೆ ಅಪ್ಪನ ಶೇವಿಂಗ್ ಕ್ರೀಮ್. ಕೈ ಕೆಂಪಗಾಯಿತು, ಅಕ್ಷರಗಳು ಸ್ನಾನ ಮಾಡಿ ಬಂದವರ ಹಾಗೆ ಇನ್ನೂ ಫಳಫಳ ಹೊಳೆದವು. ಅಮ್ಮ ಬರುವುದರೊಳಗೆ ಮೂರನೇ ಸಾಲಾದರೂ ಹೋಗಬೇಕಿತ್ತು.

"ಯಾಕೆ ನೀರು ಸುರೀತಾನೇ ಇದೆ? ಒಳಗೆ ಏನು ಆನೆ ತೊಳೀತಿದ್ದೀಯಾ?"

ಅಮ್ಮ ಬಾಗಿಲು ತಳ್ಳಿಯೇ ಬಿಟ್ಟಳು. ರೇಡಿಯೋಳ ಮಣಿಕಟ್ಟು ಹಿಡಿದು ನೋಡಿದಳು.

"ಇದು ನನ್ನ ಇಂಕು" ಅಂದಳು. "ನನ್ನ ಬ್ಯಾಗಿಂದ ಪೆನ್ ತಗೊಂಡ್ಯಾ? ಬೆಡ್‌ಶೀಟ್‌ನ ನೂರು ಸಲ ಕುದಿಸಿದ್ರೂ ಇದು ಹೋಗಲ್ಲ. ನೀನು ಪೇಸ್ಟ್ ಹಚ್ಚಿ ತೆಗೀತೀಯ, ಪೆದ್ದಿ!"

ಅಮ್ಮನ ಕೆಲಸ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಪ್ರತಿ ಬೆಡ್‌ಶೀಟಿನ ಮೂಲೆಗೂ ನಂಬರ್ ಬರೆಯುವವಳು ಅವಳೇ.

ಅಮ್ಮ ಒಂದೊಂದೇ ಸಾಲು ಓದಿದಳು. ಮೂರನೇ ಸಾಲಿಗೆ ಬಂದಾಗ ಅವಳ ತುಟಿ ನಿಂತಿತು.

"ಆಫೀಸರ್" ಎಂದು ನಕ್ಕಳು. "ಆಫೀಸರ್ ಆಗಿದ್ರೆ ಈ ಸೊಂಟ ಹಿಂಗೆ ಹಿಡ್ಕೊಳ್ತಿತ್ತಾ?"

ಆ ನಗು ಅರ್ಧಕ್ಕೇ ನಿಂತಿತು. ಬಾಯಿ ತೆರೆಯದ ನಗು. ನಾಲ್ಕು ದಿನದಿಂದ ರೇಡಿಯೋ ನಗುತ್ತಿದ್ದದ್ದೂ ಹಾಗೆಯೇ.

"ಸಾರಿ ಅಮ್ಮ..." ಅಂದಳು. 'ಸಾ' ಉದ್ದಕ್ಕೆ ಸೀಟಿ ಹೊಡೆಯಿತು. ಅಳು ಬರುವಾಗಲೂ ಸೀಟಿ! ರೇಡಿಯೋಗೆ ತನ್ನ ಬಾಯಿಯ ಮೇಲೇ ಸಿಟ್ಟು ಬಂತು.

ಅಮ್ಮ ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತಳು. ತನ್ನ ತೋಳಿನ ಗುಂಡಿ ಬಿಚ್ಚಿ ಮೇಲಕ್ಕೆ ಮಡಚಿದಳು. ಅಲ್ಲಿ ಹಸಿರು ಮಾಸಿದ ಹಚ್ಚೆ. ರೇಡಿಯೋ ಹುಟ್ಟಿದಾಗಿನಿಂದ ನೋಡಿದ್ದೇ.

"ಏನಿದು?"

"ಬೆಕ್ಕು."

"ಹುಲಿ ಕಣೇ."

ರೇಡಿಯೋ ಬಗ್ಗಿ ನೋಡಿದಳು. ಎಷ್ಟು ನೋಡಿದರೂ ಬೆಕ್ಕೇ.

"ಹತ್ತೊಂಬತ್ತು ವರ್ಷ ನನಗೆ. ಹುಲಿ ಬೇಕು ಅಂತ ಹೋದೆ. ಹಾಕೋನು ಹೊಸಬ. ಅವನು ಮೀಸೆ ಬರೆಯೋ ಹೊತ್ತಿಗೆ ಹುಲಿ ಬೆಕ್ಕಾಗಿತ್ತು. ನಿಮ್ಮಜ್ಜಿ ನೋಡಿ, 'ಇದಕ್ಕೆ ಹಾಲು ಇಡ್ಲಾ?' ಅಂದ್ರು. ಅವತ್ತಿಂದ ಕೇಳಿದೋರಿಗೆಲ್ಲಾ, ನಾನು ಬೆಕ್ಕೇ ಕೇಳಿ ಹಾಕಿಸ್ಕೊಂಡಿದ್ದು ಅಂತ ಹೇಳ್ಕೊಂಡು ಬಂದಿದ್ದೀನಿ."

"ಅದಕ್ಕೇನಾ ಕೆಲಸದಲ್ಲಿ ತೋಳು ಮುಚ್ಕೊಳ್ಳೋದು?"

"ಅದು ಸೂಪರ್‌ವೈಸರ್ ರೂಲು. ಹಚ್ಚೆ ಕಂಡ್ರೆ ಪೇಷೆಂಟ್‌ಗಳಿಗೆ ಸರಿ ಕಾಣಲ್ವಂತೆ."

"ಪೇಷೆಂಟ್‌ಗಳು ನಿಮ್ಮ ರೂಮಿಗೆ ಬರ್ತಾರಾ?"

"ಎಲ್ಲಿ ಬರ್ತಾರೆ? ಅವರ ಬೆಡ್‌ಶೀಟ್ ಬರುತ್ತೆ."

"ಬೆಡ್‌ಶೀಟ್‌ಗೆ ಕಣ್ಣಿದ್ಯಾ? ಆ ಬಿಸಿ ಹಬೆಯಲ್ಲಿ ದಿನವಿಡೀ ಗುಂಡಿ ಹಾಕ್ಕೊಂಡು... ನೀನು ಕೇಳಬೇಕಿತ್ತು!"

"ಕೇಳಬೇಕಿತ್ತು" ಎಂದಳು ಅಮ್ಮ. "ನನ್ನ ತೋಳ ಮೇಲೆ ಹುಲಿ ಇದ್ದಿದ್ರೆ ಕೇಳ್ತಿದ್ದೆನೋ ಏನೋ."

ಇಬ್ಬರಿಗೂ ನಗು ಬಂತು. ಆಮೇಲೆ ರೇಡಿಯೋ ಮೆಲ್ಲಗೆ ಕೇಳಿದಳು. "ಇದು ಹೋಗೋಕೆ ಎಷ್ಟು ದಿನ?"

"ಹತ್ತು ದಿನ ಆದ್ರೂ ಬೇಕು."

ರೇಡಿಯೋ ಜೇಬಿನಿಂದ ತೆಗೆದುಕೊಟ್ಟ ಪೆನ್ನನ್ನು ಅಮ್ಮ ಬ್ಯಾಗಿಗೆ ಹಾಕಿಕೊಳ್ಳಲಿಲ್ಲ. ಸೋಪಿನ ಪಕ್ಕ ಇಟ್ಟು ಎದ್ದು ಹೋದಳು.

ಸೋಮವಾರ ಅಸೆಂಬ್ಲಿಗೆ ಇನ್ನೂ ಹತ್ತು ನಿಮಿಷವಿತ್ತು. ರೇಡಿಯೋ ಕ್ಲಾಸಿನ ಮುಂದೆ ಹೋಗಿ ನಿಂತು ತೋಳು ಮಡಚಿದಳು. ಮೂರು ಸಾಲಿನ ಮೇಲೂ ಅದೇ ಇಂಕಿನಲ್ಲಿ ಅಡ್ಡಗೆರೆ ಎಳೆದಿತ್ತು.

"ಮಿಸ್, ನನ್ನ ಸಂಗತಿ ಎಲ್ಲಾ ತಪ್ಪು. ಮತ್ತೆ ಹೇಳ್ತೀನಿ."

'ಮಿಸ್', 'ಸಂಗತಿ'. ಎರಡು ಸೀಟಿ. ಮೊದಲ ಬೆಂಚಿನವಳು ನೋಟ್‌ಬುಕ್ ಬಿಚ್ಚಿ ಛತ್ರಿಯ ಹಾಗೆ ಹಿಡಿದಳು. ಕ್ಲಾಸು ಗೊಳ್ಳೆಂದಿತು.

"ಒಳ್ಳೇದು, ಹಿಡ್ಕೋ, ಇನ್ನೂ ಬರುತ್ತೆ" ಎಂದಳು ರೇಡಿಯೋ. "ಒಂದು, ನನಗೆ ಮಾತಾಡೋದು ತುಂಬಾ ಇಷ್ಟ. ಎರಡು, ನನಗೆ ಭಯ ಇದೆ. ಈಗಲೂ ಇದೆ. ಮೂರು..."

ನಗು ನಿಂತಿತು. ಮಿಸ್ ಕಾದರು.

"ಮೂರು, ನಮ್ಮಮ್ಮ ಆಫೀಸರ್ ಅಲ್ಲ. ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೀತಾಳೆ. ಬೆಡ್‌ಶೀಟ್ ಮೂಲೇಲಿ ನಂಬರ್ ಬರೀತಾಳೆ."

ಹಿಂದಿನ ಬೆಂಚಿನಿಂದ ಲಂಬು ಎದ್ದ. ಇನ್ನೊಂದು ಗ್ರಿಲ್ ಜೋಕು ಬಂತೆಂದೇ ರೇಡಿಯೋ ಅಂದುಕೊಂಡಳು.

"ಕಪ್ಪು ನಂಬರ್ ಅಲ್ವಾ?" ಎಂದ ಲಂಬು. "ಅಲ್ಲೇ ನನ್ನ ಆಪರೇಷನ್ ಆದಾಗ ಅಲ್ಲಾಡಬೇಡ ಅಂದಿದ್ರು. ಮೂರು ದಿನ ನಾನು ಅದನ್ನೇ ನೋಡ್ತಾ ಮಲಗಿದ್ದೆ. ನಂದು ನಾನೂರ ಹದಿನೇಳು. ಏಳಕ್ಕೆ ಇಷ್ಟುದ್ದ ಬಾಲ ಇತ್ತು."

"ನಮ್ಮಮ್ಮ ಏಳನ್ನ ಹಾಗೇ ಬರೆಯೋದು" ಎಂದಳು ರೇಡಿಯೋ.

ಲಂಬು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಅವಳ ಕೈಗಿಟ್ಟ. "ತಗೋ ತಾಯಿ ನಿನ್ನ ನ್ಯೂಸು! ಮೂರು ದಿನದಿಂದ ಹೊಟ್ಟೆ ನೋಯ್ತಿದೆ. ಇನ್ನೊಂದು ಅಪೆಂಡಿಕ್ಸ್ ಇದ್ಯೋ ಏನೋ ಅನ್ಕೊಂಡಿದ್ದೆ."

ಅಂದು ನ್ಯೂಸಿನಲ್ಲಿ ಹನ್ನೊಂದು ಸೀಟಿ ಇದ್ದವು. ಎಣಿಸಿದ್ದು ಲಂಬು.

ಶಾಲೆ ಬಿಟ್ಟ ಮೇಲೆ ರೇಡಿಯೋ ದೊಡ್ಡಾಸ್ಪತ್ರೆಯ ಹಿಂಬದಿಗೆ ಹೋದಳು. ಕಿಟಕಿಯ ಗಾಜು ಹಬೆಯಿಂದ ಮಸುಕಾಗಿತ್ತು. ಒಳಗೆ ಉದ್ದದ ಮೇಜು, ಬೆಟ್ಟದಂತೆ ಬೆಡ್‌ಶೀಟುಗಳು, ಮಣಿಕಟ್ಟಿನವರೆಗೂ ಗುಂಡಿ ಹಾಕಿಕೊಂಡ ಅಮ್ಮ. ಅವಳ ಬೆನ್ನು ಬೆವರಿಗೆ ಒದ್ದೆಯಾಗಿತ್ತು.

ರೇಡಿಯೋ ಗಾಜು ತಟ್ಟಿದಳು. ಅಮ್ಮ ತಲೆ ಎತ್ತಿದಾಗ, ಮೇಲಿನ ತಂತಿ ಕೆಳಗಿನ ತಂತಿ ಎರಡೂ ಕಾಣುವ ಹಾಗೆ ನಕ್ಕಳು. ಗೀರು ಎಳೆದ ತೋಳನ್ನೆತ್ತಿ ಬೀಸಿದಳು.

ಅಮ್ಮ ಕೈಯಲ್ಲಿದ್ದ ಬೆಡ್‌ಶೀಟ್ ಕೆಳಗಿಟ್ಟಳು. ಆಮೇಲೆ ಗುಂಡಿ ಬಿಚ್ಚಿ, ತೋಳನ್ನು ಮೊಣಕೈ ದಾಟಿಸಿ ಮಡಚಿ, ಅವಳೂ ಕೈ ಬೀಸಿದಳು.

ಅಷ್ಟು ದೂರದಿಂದಲೂ ಅದು ಬೆಕ್ಕೇ.

ಮಡಚಿದ ತೋಳನ್ನು ಇಳಿಸದೆಯೇ ಅಮ್ಮ ಮುಂದಿನ ಬೆಡ್‌ಶೀಟಿನ ಮೂಲೆ ಎಳೆದುಕೊಂಡಳು.