ನೆಲದ ಗಾಳಿಯ ಸಾಕ್ಷಿ

"ಮಾಡದ ತಪ್ಪನ್ನ ಮಾಡಿದೆ ಅಂತ ಬರೆದುಕೊಡಲ್ಲ ಅಮ್ಮಾ. ಬೇಕಾದ್ರೆ ಜೈಲಿಗೆ ಹಾಕಲಿ."

ಮೆಟ್ಟಿಲು ಹತ್ತಿ ಬಂದ ಹುಡುಗಿ ಒಂದೇ ಉಸಿರಿಗೆ ಇಷ್ಟು ಹೇಳಿ, ಒಂದು ಕಾಗದವನ್ನು ದೊಡ್ಡಮ್ಮನ ಮೇಜಿನ ಮೇಲಿಟ್ಟಳು. ಕ್ಲಬ್ಬಿನವರು ಬರೆದುಕೊಟ್ಟ ಕ್ಷಮಾಪಣೆ ಪತ್ರ. ಕೆಳಗೆ ಸಹಿಯ ಜಾಗ ಮಾತ್ರ ಖಾಲಿಯಿತ್ತು.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಮೂವತ್ತು ವರ್ಷ ಹವಾಮಾನ ಕೇಂದ್ರದಲ್ಲಿ ಗಾಳಿಯ ಲೆಕ್ಕ ಬರೆದು ನಿವೃತ್ತರಾಗಿ, ನನ್ನ ಹೊಲಿಗೆ ಅಂಗಡಿಯ ಮಾಳಿಗೆಯಲ್ಲಿ ನೆಲೆಸಿದ್ದರು. ನಾನು ಹರಿದ ಹಾಯಿ, ಕೈಟ್‌ಗಳಿಗೆ ತೇಪೆ ಹಾಕುತ್ತಿದ್ದೆ. ಊರಿನವರು ಬಿಡಿಸಲಾಗದ ಗಂಟುಗಳನ್ನು ಹೊತ್ತು ನನ್ನ ಅಂಗಡಿ ದಾಟಿ ಮೇಲಕ್ಕೆ ಹೋಗುತ್ತಿದ್ದರು. ಹಿಂದೆಯೇ ನಾನೂ ಹೋಗುತ್ತಿದ್ದೆ.

ಹುಡುಗಿಯನ್ನು ನಾನು ಬಲ್ಲೆ. ಕಡಲ ತೀರದ ಕ್ಲಬ್ಬಿನಲ್ಲಿ ಕೈಟ್‌ಬೋರ್ಡಿಂಗ್ ಕಲಿಸುತ್ತಿದ್ದಳು. ದೊಡ್ಡ ಗಾಳಿಪಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಡಿ ಹಲಗೆಯಿಟ್ಟು ನೀರಿನ ಮೇಲೆ ಹಾರುವ ಆಟ. ಹಿಂದಿನ ದಿನ ಅವಳ ಶಿಷ್ಯನಾದ ಬೇಕರಿಯವನನ್ನು ಗಾಳಿ ಎತ್ತಿ ದೋಣಿ ನಿಲ್ಲುವ ಜೆಟ್ಟಿಯ ಕಂಬಕ್ಕೆ ಅಪ್ಪಳಿಸಿತ್ತು. ಬಲತೋಳು ಎರಡು ಕಡೆ ಮುರಿದಿತ್ತು. ಅವನನ್ನು ನೀರಿಗೆ ಕಳಿಸಿದವಳು ಇವಳೇ ಎಂದು ಕ್ಲಬ್ಬಿನವರು ಹೇಳುತ್ತಿದ್ದರು.

"ಗಾಳಿ ಹೇಗಿತ್ತು?" ದೊಡ್ಡಮ್ಮ ಕೇಳಿದರು. "ಅಂದಾಜು ಬೇಡ. ಕಂಡದ್ದು ಹೇಳು."

"ಒಂಬತ್ತಕ್ಕೆ ಸಮುದ್ರದಿಂದ ದಡಕ್ಕೆ ಓರೆಯಾಗಿ, ಒಂದೇ ಸಮ ಬರ್ತಿತ್ತು. ಇಬ್ಬರನ್ನ ನೀರಿಗೆ ಬಿಟ್ಟೆ. ಹತ್ತರ ಹೊತ್ತಿಗೆ ದಿಕ್ಕು ತೋರಿಸೋ ಕಂಬದ ಗಾಳಿಚೀಲ ಜೋತುಬಿತ್ತು. ಆಮೇಲೆ ಇಟ್ಟಿಗೆ ಭಟ್ಟಿಯ ಹೊಗೆ ಸಮುದ್ರದ ಕಡೆ ತಿರುಗಿತು. ದಡದ ನೀರು ಕನ್ನಡಿ ಥರ, ದೂರದಲ್ಲಿ ಬಿಳಿ ನೊರೆ. ನೆಲದ ಗಾಳಿ ಅಮ್ಮಾ. ನೋಡೋಕೆ ಸಾಧು, ಒಳಗೆ ಹೋದವರನ್ನ ವಾಪಸ್ ಬಿಡಲ್ಲ. ತಕ್ಷಣ ಕೆಂಪು ಬಾವುಟ ಏರಿಸಿ, ಆ ಇಬ್ಬರನ್ನ ಕರೆಯೋಕೆ ಜೆಟ್ಟಿಯ ಆಚೆಗೆ ಓಡಿದೆ. ಬರೋಷ್ಟರಲ್ಲಿ ಬಾವುಟ ಇಲ್ಲ, ಬೇಕರಿಯಣ್ಣ ನೀರಲ್ಲಿದ್ರು."

ದೊಡ್ಡಮ್ಮ ಚಾವಣಿಯ ಮೇಲಿನ ತಮ್ಮ ಗಾಳಿ ಅಳೆಯುವ ಯಂತ್ರದ ಕಾಗದದ ಸುರುಳಿ ಬಿಚ್ಚಿದರು. ಹತ್ತಕ್ಕೆ ಎರಡು ನಿಮಿಷ ಇರುವಾಗ ಗೆರೆ ಸಮುದ್ರದ ಕಡೆಯಿಂದ ನೆಲದ ಕಡೆಗೆ ಜಿಗಿದಿತ್ತು.

"ನಿನ್ನ ಕಣ್ಣು ಸರಿಯಾಗಿದೆ," ಎಂದರು. "ಏಳಿ, ಆಸ್ಪತ್ರೆಗೆ ಹೋಗೋಣ."

ಬೇಕರಿಯವನ ತೋಳು ತೂಗುಪಟ್ಟಿಯಲ್ಲಿತ್ತು. "ಬಾವುಟ ಇದ್ದಿದ್ರೆ ನಾನ್ಯಾಕೆ ಇಳೀತಿದ್ದೆ? ಆದ್ರೂ ಅನುಮಾನ ಪಟ್ಕೊಂಡು ನಿಂತಿದ್ದೆ. 'ಹೋಗಿ, ಏನೂ ಆಗಲ್ಲ' ಅಂತ ಬೆನ್ನ ಹಿಂದಿಂದ ಯಾರೋ ಕೂಗಿದ್ರು. ಹೆಲ್ಮೆಟ್ ಒಳಗೆ ಗಾಳಿ ಗುಂಯ್ ಅಂತಿತ್ತು. ಹೆಂಗಸೋ ಗಂಡಸೋ ತಿಳೀಲಿಲ್ಲ."

ಅವನ ಹೆಂಡತಿ ಹುಡುಗಿಯತ್ತ ತಿರುಗಿದಳು. "ಆ ಕೈಯಲ್ಲೇ ಅಲ್ವಾ ಅವರು ಹಿಟ್ಟು ನಾದಬೇಕಾದದ್ದು? ನಿನ್ನ ನಂಬಿ ಕಳಿಸಿದ್ದೆ."

ಹುಡುಗಿ ತಲೆ ತಗ್ಗಿಸಲಿಲ್ಲ. "ಅಕ್ಕಾ, ನೀವೂ ಕ್ಲಬ್ಬಿಗೆ ಬನ್ನಿ. ನನ್ನ ಮಾತು ಸುಳ್ಳಾದ್ರೆ ಎಲ್ಲರೆದುರು ಬೈರಿ. ನಿಂತು ಕೇಳ್ತೀನಿ."

ಕ್ಲಬ್ಬಿನಲ್ಲಿ ಮೂವರು ಸಿಕ್ಕರು. ಇವಳಿಗೆ ಇನ್ನು ಇಲ್ಲಿ ಕೆಲಸವಿಲ್ಲ ಎಂದು ಅಧ್ಯಕ್ಷರು ಬಾಗಿಲಲ್ಲೇ ಗುಡುಗಿದರು. ಮುಂದಿನ ವರ್ಷದ ಪಂದ್ಯ ಇಲ್ಲಿ ನಡೆಸಬಹುದೇ ಎಂದು ನೋಡಲು ಹೊರಗಿನಿಂದ ಅತಿಥಿಗಳು ಬಂದಿದ್ದ ದಿನವೇ ಹೀಗಾಗಬೇಕೆ ಎಂಬುದು ಅವರ ಕೋಪ. ಅವರು ಹತ್ತೂಕಾಲಿನವರೆಗೆ ರಸ್ತೆಯಲ್ಲಿ ಅತಿಥಿಗಳ ಕಾರು ಕಾಯುತ್ತಿದ್ದರಂತೆ. ಕ್ಲಬ್ಬಿನ ದೋಣಿಯವನು ಡೀಸೆಲ್ ತರಲು ಹೋಗಿದ್ದನಂತೆ.

ಮೂರನೆಯವರು ಕಾರ್ಯದರ್ಶಿ. ಬೆಣ್ಣೆಯಂಥ ಮಾತು. ಅವರೇ ಕುರ್ಚಿ ತಂದು ಹಾಕಿ, ಅವರೇ ಪತ್ರದ ವಿಷಯ ತೆಗೆದರು. "ಚಿಕ್ಕ ಹುಡುಗಿ, ಸಹಿ ಹಾಕಿದ್ರೆ ಇಲ್ಲಿಗೇ ಮುಗಿಯುತ್ತೆ. ನನಗೂ ಸಂಕಟ ಅಮ್ಮಾ, ಆದ್ರೆ ಕೇಳಿದ್ದನ್ನ ಹೇಗೆ ಮುಚ್ಚಿಡಲಿ? ಹತ್ತಾದ ಮೇಲೆ ನಾನು ಈ ಜಗಲಿಯಲ್ಲೇ ಕೂತಿದ್ದೆ. ಇವಳು ಜೆಟ್ಟಿಯ ಕಡೆ ಹೋಗೋ ಮುಂಚೆ ನೀರಂಚಲ್ಲಿ ನಿಂತು ಬೇಕರಿಯವರಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸ್ತು. 'ಹೋಗಿ, ಏನೂ ಆಗಲ್ಲ' ಅಂತ."

"ಬಾವುಟ?"

"ಕಟ್ಟಡದ ಹಿಂದೆ ರಸ್ತೆ ಬದಿಯ ತಂತಿ ಬೇಲಿಯಲ್ಲಿ ಸಿಕ್ಕಿಕೊಂಡಿತ್ತು. ಕಟ್ಟಿದ್ದು ಸಡಿಲವಾಗಿ ಹಾರಿಹೋಗಿರಬೇಕು, ಪಾಪ." ಅವರು ಅದನ್ನು ತಂದುಕೊಟ್ಟರು.

ಬಾವುಟ ಹೊಲಿದವನು ನಾನೇ. ಹಗ್ಗ ಸಿಕ್ಕಿಸುವ ಎರಡು ಕುಣಿಕೆಗಳನ್ನೂ ಬೆರಳಿನಿಂದ ಎಳೆದು ನೋಡಿದೆ. ಒಂದು ಎಳೆಯೂ ಹರಿದಿರಲಿಲ್ಲ. ದೊಡ್ಡಮ್ಮನಿಗೆ ಹೇಳಿದೆ. ಅವರು ತಲೆಯಾಡಿಸಿ, ಜಗಲಿಯಿಂದ ನೀರಂಚಿನವರೆಗೆ ನಡೆದು ಹೆಜ್ಜೆ ಎಣಿಸಿದರು. ನೂರೈವತ್ತು. "ನಾಳೆ ಹತ್ತೂವರೆಗೆ ಎಲ್ಲರೂ ಇಲ್ಲಿರಿ," ಎಂದರು. "ನಿನ್ನೆ, ಇವತ್ತು ಎರಡೂ ದಿನ ನೆಲದ ಗಾಳಿ ಅದೇ ಹೊತ್ತಿಗೆ ಬಂತು, ನಾಳೆಯೂ ಬರುತ್ತೆ."

ಮರುದಿನ ಗಾಳಿ ಮಾತು ತಪ್ಪಲಿಲ್ಲ. ಜಗಲಿಯಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ದೋಣಿಯವನು, ಬೇಕರಿಯವನ ಹೆಂಡತಿ, ಹುಡುಗಿ ಕುಳಿತರು. ಇನ್ನೂ ಊರಲ್ಲೇ ತಂಗಿದ್ದ ಅತಿಥಿಗಳನ್ನು ಕರೆಯಬಾರದೆಂದು ಅಧ್ಯಕ್ಷರು ಹಟ ಹಿಡಿದರೆ, ಕರೆಯಲೇಬೇಕೆಂದು ಹುಡುಗಿ ತಾನೇ ಹೋಗಿ ಕರೆತಂದಳು. ದೊಡ್ಡಮ್ಮ ನನ್ನನ್ನು ನೀರಂಚಿಗೆ ಕಳಿಸಿ, ಕೈ ಬೀಸಿದಾಗ ಏನಾದರೂ ಗಟ್ಟಿಯಾಗಿ ಕೂಗು ಎಂದಿದ್ದರು.

ಕೈ ಬೀಸಿದರು. ಅಧ್ಯಕ್ಷರ ಮೀಸೆಯ ಕಪ್ಪು ಬಣ್ಣದ ಡಬ್ಬಿಯಿಂದ ಬಂದದ್ದೆಂದು ನಾನು ಮೂರು ಬಾರಿ ಕೂಗಿದೆ. ಜಗಲಿಯಲ್ಲಿ ಒಂದು ತಲೆಯೂ ತಿರುಗಲಿಲ್ಲ. ಅದಕ್ಕೆ ಬದಲು ಅಧ್ಯಕ್ಷರ ದನಿಯೇ ನನ್ನ ಕಿವಿಗೆ ಬಂದು ಬಿತ್ತು: "ಏನ್ರೀ ಇದು, ಯಾವಾಗ ಕೂಗ್ತಾನೆ ಇವನು?"

ನಾನು ಹಿಂದಿರುಗಿ ಆ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದೆ. ನಾನು ಕೂಗಿದ್ದನ್ನು ಮಾತ್ರ ಹೇಳಲಿಲ್ಲ.

"ಮಾತು ಗಾಳಿಯ ಜೊತೆ ಹೋಗುತ್ತೆ, ಗಾಳಿಗೆ ಎದುರಾಗಿ ಬರಲ್ಲ," ದೊಡ್ಡಮ್ಮ ಶುರುಮಾಡಿದರು. "ಮೊನ್ನೆಯೂ ಹತ್ತಾದ ಮೇಲೆ ಇದೇ ಗಾಳಿ. ನೀರಂಚಲ್ಲಿ ಆಡಿದ್ದು ಜಗಲಿಗೆ ಕೇಳೋಕೆ ಸಾಧ್ಯವೇ ಇಲ್ಲ. ಜಗಲಿಯಲ್ಲಿ ಕೂಗಿದ್ದು ನೀರಂಚಿಗೆ ಚೆನ್ನಾಗಿ ಕೇಳುತ್ತೆ. ಬೇಕರಿಯವರು ಸಮುದ್ರ ನೋಡ್ತಾ ನಿಂತಿದ್ರು. ದನಿ ಬಂದದ್ದು ಬೆನ್ನ ಹಿಂದಿಂದ, ಅಂದ್ರೆ ಇಲ್ಲಿಂದ. ಆ ಹೊತ್ತಲ್ಲಿ ಇಲ್ಲಿ ಇದ್ದವರು ಒಬ್ಬರೇ. ತಾನು ಕೂಗಿದ ಮಾತನ್ನೇ ಅವರು ಈ ಹುಡುಗಿಯ ಬಾಯಿಗೆ ಹಾಕಿದ್ರು."

ಕಾರ್ಯದರ್ಶಿ ನಕ್ಕರು. "ಗಾಳಿಯನ್ನ ಸಾಕ್ಷಿಗೆ ಕರೀತೀರಾ ಅಮ್ಮಾ?"

"ಬಾವುಟವೂ ಇದೆಯಲ್ಲ. ಅದು ಏರಿದ್ದೇ ಗಾಳಿ ತಿರುಗಿದ ಮೇಲೆ. ಸಡಿಲವಾಗಿ ಹಾರಿದ್ರೆ ಸಮುದ್ರಕ್ಕೆ ಬೀಳಬೇಕಿತ್ತು. ಹಿಂದಿನ ರಸ್ತೆಗೆ ಹೇಗೆ ಹೋಯಿತು? ಹರಿದು ಹಾರಿದ್ರೆ ಕುಣಿಕೆ ಹರಿಯಬೇಕಿತ್ತು. ಹೊಲಿಗೆ ಹಾಗೇ ಇದೆ. ಬಿಚ್ಚಿದ್ದು ಬೆರಳುಗಳು. ಇನ್ನು ನೀವು ಇಂಥ ಸುಳ್ಳು ಯಾಕೆ ಹೇಳಿದ್ರಿ? ಈ ಜಗಲಿ ಕಟ್ಟಡದ ಮರೆಯಲ್ಲಿದೆ, ಇಲ್ಲಿ ಗಾಳಿಯೇ ತಿಳಿಯಲ್ಲ. ಎದುರಿಗೆ ನೀರು ಕನ್ನಡಿ. ಏನೂ ಇಲ್ಲ, ಹುಡುಗಿಗೆ ಹೆದರಿಕೆ ಅಂದುಕೊಂಡ್ರಿ. ಈ ಗಾಳಿಯಲ್ಲಿ ನೀರಂಚಿನ ದನಿ ಇಲ್ಲಿಗೆ ಬರಲ್ಲ ಅಂತ ನೀರಿಗಿಳಿದವರಿಗೆಲ್ಲ ಗೊತ್ತು, ಅವರು ಯಾರೂ ಈ ಸುಳ್ಳು ಹೇಳ್ತಿರಲಿಲ್ಲ. ಅಧ್ಯಕ್ಷರೂ ನೀರಿಗಿಳಿದವರು, ದೋಣಿಯವನಂತೂ ಸರಿಯೇ."

ಕಾರ್ಯದರ್ಶಿಯ ನಗು ಇಂಗಿತು. ಬೇಕರಿಯವನ ಹೆಂಡತಿ ಎದ್ದು ಅವರ ಮುಂದೆ ಬಂದು ನಿಂತಳು.

"ಮೂರು ವರ್ಷ ಓಡಾಡಿ ಅತಿಥಿಗಳನ್ನ ಕರೆಸಿದ್ದೆ," ಎಂದರು ಕಾರ್ಯದರ್ಶಿ, ನೆಲ ನೋಡುತ್ತ. "ಅವರು ಬರೋ ಗಳಿಗೆಯಲ್ಲೇ ಕೆಂಪು ಬಾವುಟ, ಖಾಲಿ ನೀರು. ಒಬ್ಬನಾದ್ರೂ ಹಾರಲಿ ಅಂತ... ಬೇಕರಿಯವರಿಗೆ ಹೀಗಾಗುತ್ತೆ ಅಂದುಕೊಳ್ಳಲಿಲ್ಲ."

"ಅಂದುಕೊಂಡವಳು ಒಬ್ಬಳಿದ್ದಳು," ಎಂದಳು ಆ ಹೆಂಗಸು. "ಅವಳ ಮಾತು ತೆಗೆದು ಬೇಲಿಗೆ ಎಸೆದ್ರಿ."

ಅಧ್ಯಕ್ಷರು ದೊಡ್ಡಮ್ಮನನ್ನು ಬದಿಗೆ ಕರೆದು, ಇದು ಕ್ಲಬ್ಬಿನ ಒಳಗೇ ಉಳಿಯಲಿ ಎಂದು ಪಿಸುಗುಟ್ಟಿದರು. ಬೆಳಿಗ್ಗೆಯೇ ಠಾಣೆಗೆ ತಿಳಿಸಿದ್ದೇನೆ, ಅವರು ಹೊರಟಾಗಿದೆ ಎಂದರು ದೊಡ್ಡಮ್ಮ. ಅತಿಥಿಗಳು ಪರಸ್ಪರ ಮುಖ ನೋಡಿಕೊಂಡು ಎದ್ದರು. ಪಂದ್ಯ ಕೈತಪ್ಪಿತೆಂದು ಎಲ್ಲರಿಗೂ ತಿಳಿಯಿತು.

ಆಗ ಅಧ್ಯಕ್ಷರು ಹುಡುಗಿಯತ್ತ ತಿರುಗಿ, ದೊಡ್ಡ ಮನಸ್ಸು ಮಾಡಿದವರಂತೆ ಹೇಳಿದರು: "ಆಯ್ತಮ್ಮ, ನಿನ್ನನ್ನ ವಾಪಸ್ ಕೆಲಸಕ್ಕೆ ತಗೋತೀವಿ."

ಅವಳು ಚಪ್ಪಲಿ ಬಿಟ್ಟು ಮರಳಿಗಿಳಿದಳು.

"ನಾನು ಬಿಟ್ಟಿದ್ರೆ ತಾನೇ ಸರ್, ನೀವು ತಗೊಳ್ಳೋದು? ನಾಳೆ ಏಳಕ್ಕೆ ಕ್ಲಾಸಿದೆ. ಯಾರು ಇಳೀಬೇಕು, ಯಾರು ಇಳೀಬಾರದು ಅನ್ನೋದನ್ನ ಇನ್ನು ಮೇಲೆ ನಾನೊಬ್ಬಳೇ ಹೇಳ್ತೀನಿ. ನೀವಲ್ಲ."