ಬಲಗಣ್ಣಿನ ಬಾಟಲಿ

ಸಂಜೆ ತರಗತಿಯಲ್ಲಿ ಅಷ್ಟಿಷ್ಟು ಕಲಿತ ನನ್ನಂಥವರು ಕಣ್ಣಿನ ವಿಷಯಕ್ಕೆ ಕೈ ಹಾಕುವುದು ಅಧಿಕಪ್ರಸಂಗವೇ. ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು.

ಬೆಳಿಗ್ಗೆ ಎಂಟಕ್ಕೆ ತಂತ್ರಜ್ಞೆ ನೇತ್ರಭಂಡಾರದ ಫ್ರಿಜ್ ತೆರೆದಳು. ಸತ್ತವರೊಬ್ಬರ ಎರಡು ಕಾರ್ನಿಯಾ—ಕಣ್ಣಿನ ಮುಂದಿನ ತಿಳಿಪೊರೆ—ಎರಡು ಬಾಟಲಿ. ಎಡಗಣ್ಣಿನದು ಗಾಜಿನಷ್ಟು ತಿಳಿ. ಅದು ಬೇರೊಬ್ಬ ರೋಗಿಗೆ ನಿಗದಿಯಾಗಿತ್ತು. ಬಲಗಣ್ಣಿನದು ಊದಿಕೊಂಡು ಹಾಲಿನಂತೆ ಬೆಳ್ಳಗಾಗಿತ್ತು! ಅದರ ಕಸಿಗಾಗಿ ಎರಡು ವರ್ಷ ಕಾದಿದ್ದ ಹೊಲಿಗೆಯಾಕೆ ಆಗಲೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

“ನಿನ್ನೆ ಹೊತ್ತುಗಟ್ಟಲೆ ಹೊರಗಿಟ್ಟು ಮರೆತಿದ್ದೀಯ,” ಎಂದರು ನಿರ್ದೇಶಕರು. ಅವರು ತಂತ್ರಜ್ಞೆಯ ಸೋದರಮಾವ; ಕೆಲಸ ಕೊಡಿಸಿದವರೂ ಅವರೇ. “ಮಧ್ಯಾಹ್ನದೊಳಗೆ ರಾಜೀನಾಮೆ ಬರೆದುಕೊಡು.”

“ಇಲ್ಲ ಮಾವ, ನಿನ್ನೆ ಐದಕ್ಕೆ ನಾನೇ ಒಳಗಿಟ್ಟೆ—”

ಹೇಳುತ್ತಲೇ ಅನುಮಾನ. ನಿಜಕ್ಕೂ ಐದಕ್ಕೇ ಇಟ್ಟೆನೆ?

ಹಿರಿಯ ನರ್ಸ್ ಗುಟ್ಟಾಗಿ ನಿವೃತ್ತ ಕಣ್ಣಿನ ವೈದ್ಯರಿಗೆ ಫೋನ್ ಮಾಡಿದಳು. ಎಲ್ಲರ ಬಾಯಲ್ಲಿ ಅವರ ಹೆಸರು ‘ಭೂತಗನ್ನಡಿ’. ಬಂದವರೇ ಎಲ್ಲರನ್ನೂ ಫ್ರಿಜ್ ಮುಂದೆ ನಿಲ್ಲಿಸಿಕೊಂಡರು.

“ಫ್ರಿಜ್ ಕೆಟ್ಟಿತ್ತೇನಮ್ಮಾ?”

“ಕೆಟ್ಟಿದ್ರೆ ಎರಡೂ ಹಾಳಾಗ್ಬೇಕಿತ್ತಲ್ಲ ಸಾರ್?” ಎಂದಳು ತಂತ್ರಜ್ಞೆ.

“ಐದರ ಮೇಲೆ ಯಾರು ಬಂದಿದ್ರು?”

ಕಾವಲುಗಾರ ಕೆಮ್ಮಿದ. “ಸಾಹೇಬ್ರ ಜೊತೆ ಏಳೆಂಟು ದೊಡ್ಡೋರು. ಫೋಟೋ ಹೊಡ್ಕೊಂಡ್ರು. ನಾನು ಒಳಗೇ ಹೋಗಿಲ್ಲ, ನನ್ನ ತಲೆಗೆ ಕಟ್ಬೇಡಿ.”

“ನಿನ್ನ ತಲೆ ತಗೊಂಡು ನಾನೇನಯ್ಯಾ ಮಾಡ್ಲಿ?”

ವೈದ್ಯರು ಬಾಟಲಿಗಳೆರಡನ್ನೂ ಬಿಳಿ ಕಾಗದದ ಮುಂದೆ ಹಿಡಿದರು. “ಎಲ್ರೂ ಕಾರ್ನಿಯಾ ನೋಡಿದ್ರಿ. ಅದು ಮುಳುಗಿರೋ ದ್ರವ ನೋಡಿದ್ರಾ?”

ಎರಡರ ಮಟ್ಟವೂ ಒಂದೇ. ಆದರೆ ಎಡಗಣ್ಣಿನದು ಕಡುಗುಲಾಬಿ, ಬಲಗಣ್ಣಿನದು ಪೇಲವ.

“ಕಾರ್ನಿಯಾದೊಳಗೆ ಕೊಲಾಜನ್ ಅನ್ನೋ ಪ್ರೋಟೀನಿನ ಎಳೆಗಳು ಮಗ್ಗದ ಹಾಸಿನ ಹಾಗೆ ಸಮ ಅಂತರದಲ್ಲಿರ್ತವೆ. ಅದಕ್ಕೇ ಅದು ತಿಳಿ. ಆ ಅಂತರ ಕಾಯೋ ಅಣುಗಳಿಗೆ ನೀರಿನ ದಾಹ ಜಾಸ್ತಿ; ಮಿತಿಮೀರಿ ಕುಡೀದ ಹಾಗೆ ತಡೆಯೋದು ಈ ಗುಲಾಬಿ ದ್ರವ. ಯಾರೋ ಅರ್ಧ ಚೆಲ್ಲಿದ್ದಾರೆ. ಚೆಲ್ಲಿದ್ದು ತಿಳೀಬಾರದು ಅಂತ ಸಲೈನ್ ತುಂಬಿದ್ದಾರೆ. ತಡೆ ಹೋಯ್ತು, ಎಳೆ ಚೆದುರ್ತು, ಬೆಳಕು ದಾಟಲಿಲ್ಲ. ಅತಿಥಿಗಳ ಮುಂದೆ ಮುಚ್ಚಳ ತೆಗೆದು ತೋರಿಸೋ ಚಪಲ ಯಾರಿಗಿತ್ತು, ನಿರ್ದೇಶಕರೇ?”

ತಂತ್ರಜ್ಞೆಯ ಕಣ್ಣು ಮಾವನ ಬಿಳಿ ಕೋಟಿನ ತೋಳಿಗೆ ಹೋಯಿತು. ಅಲ್ಲಿ ಒಣಗಿದ ಗುಲಾಬಿ ಕಲೆ.

“ಮಾವ... ನನ್ನ ಹೊಟ್ಟೆ ಮೇಲೇ ಹೊಡೆದ್ರಾ?”

“ನೀನಾದ್ರೆ ಮನೆಯವಳು. ನುಂಗ್ಕೋತೀಯ ಅಂದ್ಕೊಂಡೆ.”

ತಂತ್ರಜ್ಞೆಯ ಕೆಲಸ ಉಳಿಯಿತು. ಬೆಂಚಿನ ಬಳಿ ಹೋಗಿ ಸುದ್ದಿ ಹೇಳುವ ಕೆಲಸವೂ ಆಕೆಯದೇ ಆಯಿತು.

“ಇವತ್ತೂ ಇಲ್ವಾ? ಹೋಗ್ಲಿ ಬಿಡಮ್ಮ,” ಎಂದಳು ಹೊಲಿಗೆಯಾಕೆ. “ಸೂಜಿಗೆ ನೂಲು ಪೋಣಿಸೋಕೆ ಪಕ್ಕದ ಮನೆ ಅಜ್ಜಿ ಇದ್ದಾರೆ. ನನಗಿಂತ ಅವರಿಗೇ ಚೆನ್ನಾಗಿ ಕಾಣುತ್ತೆ.”

ಆಮೇಲೆ ಅವಳಿಗೆ ಇನ್ನೊಂದು ಕಾರ್ನಿಯಾ ಸಿಕ್ಕಿತೋ ಇಲ್ಲವೋ, ಗೊತ್ತಿಲ್ಲ.