ತಿಕೋಟಾದಿಂದ ಬಂದ ಸಜ್ಜಿ ರೊಟ್ಟಿ

"ಸಜ್ಜಿ ರೊಟ್ಟಿ ತಂದೇನ್ರಿ. ಇಸ್ಕೋಬೇಕು."

ವಿಜಯಪುರದ ಜೋರಾಪುರ ಪೇಟೆಯ ಆ ಮನೆಬಾಗಿಲಲ್ಲಿ ನಿಂತವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಹಿಂದೆ ಗೋಡೆಗೊರಗಿದ ಸೈಕಲ್.

ಬಾಗಿಲು ತೆರೆದ ಶಾಂಭವಿಗೆ ಮುಖದ ಗುರುತು ಸಿಗಲಿಲ್ಲ. ಸೈಕಲ್ಲಿನ ಹಸಿರು ಹ್ಯಾಂಡಲ್ ಸಿಕ್ಕಿತು... ಆರು ತಿಂಗಳು ಅದರ ಫೋಟೋ ನೋಡಿ ನೋಡಿ ಬೈದವಳಲ್ಲವೇ!

ಇವನೇ ಯಲ್ಲಾಲಿಂಗ. ತಿಕೋಟಾದ ಕುರಿ ಸಾಕುವ ಮನೆಯವನು, ವಿಜಯಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ದಿನಾ ಅಷ್ಟು ದೂರ ಸೈಕಲ್ ತುಳಿದು ಬರುವುದು ಸಾಲದೆಂದು, ಊರವರೆಲ್ಲ ತುಳಿಯಬೇಕೆಂದು ಊರಿನ ಫೇಸ್‌ಬುಕ್ ಗುಂಪಿನಲ್ಲಿ ಉಪದೇಶ ಬೇರೆ.

ಹೋದ ಬೇಸಿಗೆಯಲ್ಲಿ ಅವ್ವ ಗೌರಾಬಾಯಿ ತೀರಿಕೊಂಡ ಮೇಲೆ ಶಾಂಭವಿಗೆ ಏನೂ ಅನಿಸುತ್ತಿರಲಿಲ್ಲ. ಅಳುವೂ ಬಂದಿರಲಿಲ್ಲ. ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತು ಬೆಲ್ಲ ತೂಗುತ್ತಿದ್ದಳು, ಊಟವೆಂದು ಏನೋ ನುಂಗುತ್ತಿದ್ದಳು. ಜನ ಗಟ್ಟಿ ಹುಡುಗಿ ಅಂದರು. ಗಟ್ಟಿಯೂ ಅಲ್ಲ, ಮಣ್ಣೂ ಅಲ್ಲ. ಕಾಲು ಜೋಮು ಹಿಡಿಯುವ ಹಾಗೆ ಮನಸ್ಸು ಜೋಮು ಹಿಡಿದಿತ್ತು, ಅಷ್ಟೇ.

ಆ ಗುಂಪಿನಲ್ಲಿ ಇವನ ಜೊತೆ ಜಗಳವಾಡುವಾಗ ಮಾತ್ರ ಒಂದಿಷ್ಟು ಜೀವ ಆಡುತ್ತಿತ್ತು. ಒಣಗಿಸಿದ ಕಟಕ ರೊಟ್ಟಿಗೆ ಮೊಸರೋ ಎಣ್ಣೆಯೋ, ಅವಲಕ್ಕಿ ಚೂಡಾದ ಮೇಲೆ ಉಳ್ಳಾಗಡ್ಡಿ ಬೇಕೋ ಬೇಡವೋ, ಈ ಬಿಸಿಲೂರಲ್ಲಿ ಸೈಕಲ್ ಯಾಕೆ... ಎಲ್ಲಕ್ಕೂ ಜಗಳ. ಒಮ್ಮೆ ಆಕೆ ಪಂಥ ಕಟ್ಟಿದ್ದಳು. ತಿಕೋಟಾದಿಂದ ಸೈಕಲ್ ಮೇಲೆ ಸಜ್ಜಿ ರೊಟ್ಟಿ ತರಲಿ, ಒಂದಾದರೂ ಮುರಿಯದೆ ಬಂದರೆ ತಾನೂ ಸೈಕಲ್ ತುಳಿಯುತ್ತೇನೆ ಅಂತ.

ನಿನ್ನೆ ಭೋಗಿ, ಸಂಕ್ರಾಂತಿಯ ಹಿಂದಿನ ದಿನದ ಸಜ್ಜಿ ರೊಟ್ಟಿ ಹಬ್ಬ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬದ ಅಡುಗೆ ಮಾಡುವುದಿಲ್ಲ, ಬಳಗದವರೇ ಮಾಡಿ ತಂದು ಉಣ್ಣಿಸಬೇಕು. ಬಬಲೇಶ್ವರದ ಸೋದರಮಾವ ತರುವವನಿದ್ದ, ಜ್ವರ ಬಂದು ಮಲಗಿಬಿಟ್ಟ. ಶಾಂಭವಿ ಖಾನಾವಳಿಯಿಂದ ಪಾರ್ಸಲ್ ತಂದಳು. ಯಾಕೋ ಏನೋ, ಅದರ ಫೋಟೋ ತೆಗೆದು "ನಮ್ಮನಿ ಭೋಗಿ" ಎಂದು ಗುಂಪಿಗೆ ಹಾಕಿದಳು.

ಯಲ್ಲಾಲಿಂಗ ಎಂದಿನ ಹುರುಪಿನಲ್ಲಿ ಬರೆದ: "ಭೋಗಿಗೂ ಪಾರ್ಸಲ್ಲೇನ್ರಿ? ಮನ್ಯಾಗ ರೊಟ್ಟಿ ಬಡಿಯಾವ್ರು ಯಾರೂ ಇಲ್ಲೇನು?"

ನೂರಾರು ಜನ ನಕ್ಕರು. ಶಾಂಭವಿ ಓದಿದಳು. ಸಿಟ್ಟು ಬರಲಿ ಎಂದು ಕಾದಳು... ಬರಲಿಲ್ಲ. ಸುಮ್ಮನೆ ಗುಂಪು ಬಿಟ್ಟು ಹೊರಬಂದಳು. ಇದ್ದ ಒಂದು ಎಳೆಯೂ ಹರಿಯಿತು ಅಂದುಕೊಂಡಳು. ಅದಕ್ಕೂ ದುಃಖವಾಗಲಿಲ್ಲ.

ಪಕ್ಕದ ಮನೆಯ ಗೆಳತಿ ತಸ್ಲೀಮಳಿಗೆ ತಡೆಯಲಾಗಲಿಲ್ಲ. ಮಾಸ್ತರನಿಗೆ ಇನ್‌ಬಾಕ್ಸಿನಲ್ಲಿ ಚೆನ್ನಾಗಿ ಝಾಡಿಸಿ, ಇದ್ದದ್ದೆಲ್ಲ ಹೇಳಿ, ಮನೆಯ ಗುರುತನ್ನೂ ಕೊಟ್ಟುಬಿಟ್ಟಿದ್ದಳು.

ಅದಕ್ಕೇ ಈಗ ಬಾಗಿಲಲ್ಲಿ ಅವನು ತಲೆ ತಗ್ಗಿಸಿ ನಿಂತಿದ್ದ. "ನಂಗ ಗೊತ್ತಿರಲಿಲ್ರಿ. ಗೊತ್ತಿದ್ರ ಆ ಮಾತು ಆಡ್ತಿರಲಿಲ್ಲ. ಇವನ್ನ ನಮ್ಮವ್ವ ನಸುಕಿನ್ಯಾಗ ಎದ್ದು ಬಡಿದಾಳ."

ಶಾಂಭವಿಯ ದನಿ ತಣ್ಣಗಿತ್ತು. "ಇದನ್ನ ಬಳಗದಾವ್ರು ತರ್ತಾರ. ನೀವು ಯಾರಂತ ಇಸ್ಕೊಳ್ಳಲಿ?"

ತಪ್ಪೊಪ್ಪಿಕೊಂಡು ಓಡುವ ಗಂಡಸಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಇವನು ಜಗಳಗಂಟ, ನಿಂತ.

"ನಿನ್ನಿಯಿಂದ ಫೋನ್ ತಗದು ತಗದು ನೋಡಾಕತ್ತೇನ್ರಿ, ಬೈಯಾಕರ ಬರ್ತೀರೇನು ಅಂತ. ಆರು ತಿಂಗಳಿಂದ ನಾ ಸೈಕಲ್ ಸಲುವಾಗಿ ಬರೀಲಿಲ್ಲ. ನೀವು ಉತ್ತರ ಕೊಡ್ತೀರಂತ ಬರದೆ." ಗಂಟನ್ನು ಮುಂದೆ ಚಾಚಿದ. "ಬಳಗದಾವ ಅಲ್ಲ, ಖರೆ. ನೀವು ಹೂಂ ಅಂದ್ರ ಆಗ್ತೇನ್ರಿ."

ಶಾಂಭವಿ ಹೂಂ ಅನ್ನಲಿಲ್ಲ. ಗಂಟು ಇಸಿದುಕೊಂಡು ಕಟ್ಟೆಯ ಮೇಲೆ ಬಿಚ್ಚಿದಳು. ಎಳ್ಳು ಹಚ್ಚಿದ ಹತ್ತು ರೊಟ್ಟಿ... ಹತ್ತೂ ಚೂರು ಚೂರು.

"ಒಂದೂ ಉಳೀಲಿಲ್ಲ. ಸೋತೇನ್ರಿ," ಅಂದ.

ಆಕೆ ಚೂರುಗಳಲ್ಲಿ ಬೆರಳಾಡಿಸಿದಳು. ಅವ್ವ ಬಡಿದಾಗಲೂ ಎಳ್ಳು ಹೀಗೇ ಅಂಚಿಗೆ ಸರಿದು ಕೂಡುತ್ತಿತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡಳು. ಒಳಗೆ ಏನೋ ಕಲಕಿತು. ಅಳು ಬಂತೆಂದುಕೊಂಡಳು. ಅಲ್ಲ... ಹಸಿವು! ಎಂಟು ತಿಂಗಳ ಮೇಲೆ ಅವಳಿಗೆ ಹಸಿವಾಗಿತ್ತು. ಆಮೇಲೆ ಕಣ್ಣೂ ತುಂಬಿತು.

ಯಾರು ಬಂದಿದ್ದಾರೆಂದು ಅಪ್ಪ ಶಿವಶರಣಪ್ಪ ಒಳಗಿನಿಂದ ಕೇಳಿದರು.

"ನಮಗ ರೊಟ್ಟಿ ಬಂದಾವ, ಯಪ್ಪಾ. ಕೈ ತೊಳಕೋ." ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕಡೆ ತಿರುಗಿದಳು. "ಯುಗಾದಿಗೂ ನಮ್ಮನಿ ವರ್ಷ ತುಂಬಿರಂಗಿಲ್ಲ."

"ಹೋಳಿಗಿ ತರ್ತೇನ್ರಿ."

"ಬಸ್ಸಿನ್ಯಾಗ ತರ್ರಿ."

"ಸೈಕಲ್ ಮ್ಯಾಲನ ತರ್ತೇನಿ. ಹೋಳಿಗಿ ಮುರಿಯಂಗಿಲ್ಲ."

ಶಾಂಭವಿ ಆ ಹಸಿರು ಹ್ಯಾಂಡಲ್ ಕಡೆ ನೋಡಿದಳು.

"ಹಂಗಾದ್ರ ನಾನೂ ಸೈಕಲ್ ಕಲೀಬೇಕಾತು," ಅಂದಳು. "ಒಳಗ ಬರ್ರಿ. ಉಂಡು ಹೋಗೀರಂತ."